ಗೋಡೆ ಬದಿಯ ಒಂದನೇ ನಂಬರು

ನಾನು ಟಾಕೀಸಿನ ಕುರ್ಚಿ. ಮೈಸೂರಿನ ಒಂದು ಮರಗೆಲಸದ ಶೆಡ್ಡಿನಲ್ಲಿ ಹುಟ್ಟಿದೆ. ತೇಗದ ಕೈಗಳು, ಎರಕದ ಕಬ್ಬಿಣದ ಕಾಲುಗಳು, ಕೈಗಳಿಗೂ ಆಸನಕ್ಕೂ ಒಳಗೆ ತೆಂಗಿನ ನಾರು, ಮೇಲೆ ಕೆಂಪು ರೆಕ್ಸಿನ್. ಕೂತವರು ಎದ್ದರೆ ಆಸನ ತಾನಾಗಿ ಮೇಲಕ್ಕೆ ಮಡಚಿಕೊಳ್ಳಲಿ ಎಂದು ಒಂದು ಸ್ಪ್ರಿಂಗ್ ಕೂಡಿಸಿದರು. ನನ್ನ ಪಾಲಿಗೆ ಬಂದದ್ದು ಬೇಕಾದ್ದಕ್ಕಿಂತ ಬಿಗಿ. ಯಾರೇ ಎದ್ದರೂ ನಾನು 'ಠಪ್' ಎಂದು ಬಡಿದುಕೊಳ್ಳುತ್ತಿದ್ದೆ. ಮೇಸ್ತ್ರಿ ಬಿಚ್ಚಿ ನೋಡಿದ, ಮತ್ತೆ ಹಾಕಿದ, ಕೊನೆಗೆ "ಹೋಗ್ಲಿ ಬಿಡ್ರೋ, ಇದರ ಬಾಯಿ ಮುಚ್ಸೋಕಾಗಲ್ಲ" ಎಂದು ಲಾರಿಗೆ ಹತ್ತಿಸಿದ.

ಅರಸೀಕೆರೆಯ ಗಜಲಕ್ಷ್ಮಿ ಟಾಕೀಸಿನ ಬಾಲ್ಕನಿಯಲ್ಲಿ ನನ್ನನ್ನು ನೆಲಕ್ಕೆ ಬೋಲ್ಟು ಹೊಡೆದು ಕೂರಿಸಿ, ಒಂದನೇ ನಂಬರು ಬರೆದರು. ಎಡಕ್ಕೆ ಗೋಡೆ, ಬಲಕ್ಕೆ ನನ್ನ ಜೊತೆಯ ಇನ್ನೆರಡು ಕುರ್ಚಿ. ನಾವು ಮೂವರೂ ಒಂದೇ ಚೌಕಟ್ಟಿನವರು. ಅವುಗಳಾಚೆ ಮೆಟ್ಟಿಲು ದಾರಿ. ನನ್ನಲ್ಲಿ ಕೂತವರು ಹೊರಗೆ ಹೋಗಬೇಕಾದರೆ ಪಕ್ಕದವರು ಮಂಡಿ ಸರಿಸಲೇಬೇಕು. ಬಾಗಿಲು ನನ್ನ ಬೆನ್ನ ಹಿಂದೆ. ಜನ ಎಲ್ಲಿಂದ ಬರುತ್ತಾರೆ, ಎದ್ದವರು ಎಲ್ಲಿಗೆ ಹೋಗುತ್ತಾರೆ ಎಂದು ನಾನು ಒಮ್ಮೆಯೂ ಕಂಡವನಲ್ಲ. ಕಾಲಿದ್ದೂ ನಡೆಯುವಂತಿಲ್ಲ, ಕಣ್ಣು ಮುಚ್ಚೋಣವೆಂದರೆ ರೆಪ್ಪೆಯಿಲ್ಲ. ಎದುರಿಗಿನ ಪರದೆಯಲ್ಲಿ ಏನು ಬಂದರೂ ನೋಡಬೇಕು.

ಮದುವೆ, ಹಾಡು, ಹಾಸ್ಯ ಬಂದಾಗ ಹೇಗೋ ಕಾಲ ಕಳೆಯಿತು. ಟಾಕೀಸು ಕಟ್ಟಿಸಿದ ಯಜಮಾನರು ತೀರಿಹೋಗಿ ಮಗನ ಕಾಲ ಬಂತು. ಆಮೇಲೆ ಒಂದು ವರ್ಷ ಆ ಕೊಲೆ ಸಿನಿಮಾ ಬಂತು.

ಕಥೆ ಇಷ್ಟೇ. ಒಬ್ಬ ಫೋಟೋ ಸ್ಟುಡಿಯೋದವನು. ಅವನನ್ನು ಯಾವಳೋ ಬೇಡ ಅಂದಿದ್ದಳು. ಆ ಸಿಟ್ಟಿಗೆ, ಗಂಡಿನ ಮನೆಗೆ ತೋರಿಸಲೆಂದು ಫೋಟೋ ತೆಗೆಸಲು ಬಂದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ನೋಡುವವರಿಗೆ ಒಂದು ಆಟ, ನನಗೆ ಬೆಳಗಿಂದ ರಾತ್ರಿವರೆಗೆ ಅದೇ. ಅದೇ ಹುಡುಗಿ ಅದೇ ಬಾಗಿಲು ತಟ್ಟಿ ಒಳಗೆ ಬರುವಾಗ "ಬೇಡ ಕಣಮ್ಮಾ, ಹಿಂದಕ್ಕೆ ಹೋಗು" ಎಂದು ಪ್ರತಿ ಸಲವೂ ಒಳಗೊಳಗೇ ಕೂಗಿಕೊಳ್ಳುತ್ತಿದ್ದೆ. ಅವಳು ಪ್ರತಿ ಸಲವೂ ಬರುತ್ತಿದ್ದಳು.

ಜನರ ಅಭಿಪ್ರಾಯ ಕೇಳಬೇಕಿತ್ತು ನೀವು! ಒಬ್ಬ ಕಾಲೇಜಿನ ಮೇಷ್ಟ್ರು "ಏನ್ರೀ ಇದು, ತಲೆಬುಡ ಇಲ್ಲ. ಮೂರು ಕೊಲೆ ಆಗೋವರ್ಗೂ ಪೊಲೀಸರೇನು ಕಡ್ಲೆಕಾಯಿ ತಿಂತಿದ್ರಾ?" ಎಂದು ಹೆಂಡತಿಯೆದುರು ಮೂಗು ಮುರಿದರು. ಅವರ ಉಗುರು ನನ್ನ ಕೈಯಲ್ಲಿ ಗೀರು ಎಳೆದದ್ದು ನನಗೊಬ್ಬನಿಗೇ ಗೊತ್ತು. ಹಿಂದಿನ ಸಾಲಿನ ಹುಡುಗರಿಗೆ ಕೊಲೆಗಾರನ ಆಕ್ಟಿಂಗ್ ಬೆಂಕಿ, ಕ್ಲೈಮ್ಯಾಕ್ಸ್ ಸೂಪರ್. ಒಬ್ಬ ಅಜ್ಜಿ "ಇಂಥೋನ್ನ ಹೆತ್ತೋಳ ಹೊಟ್ಟೆ ಎಷ್ಟು ಉರೀತಿರ್ಬೇಕು" ಎಂದು ಕಣ್ಣೊರೆಸಿಕೊಂಡರು. ಸತ್ತ ಹುಡುಗಿಯರ ಮಾತನ್ನು ಮಾತ್ರ ಯಾರೂ ಹೆಚ್ಚಾಗಿ ಎತ್ತಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಒಂದು ಭಾನುವಾರ ಮ್ಯಾಟಿನಿಗೆ ಮೂವರು ಬಂದರು. ಚಂದ್ರಕಲಾ ಎಂಬ ಹುಡುಗಿ, ಅವಳನ್ನು ಮದುವೆಯಾಗಲಿದ್ದ ನಿರಂಜನ, ಕಾವಲಿಗೆ ಅವಳ ಸೋದರತ್ತೆ ಸರ್ವಮಂಗಳಮ್ಮ. ಅವರ ಮಾತಿನಿಂದಲೇ ತಿಳಿಯಿತು, ನಿಶ್ಚಿತಾರ್ಥವಾಗಿ, ಲಗ್ನಪತ್ರಿಕೆಯೂ ಅಚ್ಚಾಗಿತ್ತು. ಗಂಡು ಹೆಣ್ಣು ಒಂದು ಸಿನಿಮಾ ನೋಡಿಕೊಂಡು ಬರಲಿ, ಜೊತೆಗೆ ಹಿರಿಯರೊಬ್ಬರು ಇರಲಿ ಎಂಬುದು ಅವರ ಮನೆಯ ವಾಡಿಕೆ. ಸಿನಿಮಾ ಆರಿಸಿದ್ದು ಅತ್ತೆಯೇ. ಪೋಸ್ಟರಿನಲ್ಲಿ ರೇಷ್ಮೆ ಸೀರೆ, ಬಾಸಿಂಗ ಕಟ್ಟಿಕೊಂಡ ಹುಡುಗಿಯಿದ್ದಳಂತೆ. ಮದುವೆ ಮನೆ ಕಥೆ ಇರಬೇಕು, ಮಕ್ಕಳಿಗೆ ಶುಭ ಎಂದುಕೊಂಡಿದ್ದರು ಪಾಪ.

ವಾಡಿಕೆಯಂತೆ ನಡುವೆ ಕೂರಬೇಕಾದವರು ಅತ್ತೆ. ಆದರೆ ಅವರಿಗೆ ಮಂಡಿನೋವು. ಕಾಲು ಚಾಚಲಿಕ್ಕೆ ದಾರಿ ಬದಿ ಕೂತರು. ಹಾಗಾಗಿ ಚಂದ್ರಕಲಾ ನನ್ನಲ್ಲಿ, ಪಕ್ಕದಲ್ಲಿ ನಿರಂಜನ. ಅವಳ ಭಾರವೆಲ್ಲ ಗೋಡೆಯ ಕಡೆಗಿತ್ತು. ನನ್ನ ಕೈಯ ತುದಿಯಲ್ಲಿ ರೆಕ್ಸಿನ್ ಹರಿದಿತ್ತು. ಅವಳು ಆ ತೂತಿಗೆ ಹೆಬ್ಬೆರಳು ತೂರಿಸಿ ನಾರನ್ನು ಮೀಟುತ್ತಾ ಕೂತಳು.

ಮೊದಲ ಕೊಲೆಗೇ ಅತ್ತೆ ಸೆರಗು ಮುಖಕ್ಕೆ ಮುಚ್ಚಿಕೊಂಡು "ಶಿವಶಿವಾ, ಇದೇನು ಕರ್ಮ! ನೀವು ನೋಡ್ಕೊಂಡ್ ಬನ್ನಿ, ನಾನು ಹೊರಗೆ ಕೂತಿರ್ತೀನಿ" ಎಂದು ಎದ್ದುಹೋದರು.

ಇಂಟರ್ವಲ್‌ನಲ್ಲಿ ದೀಪ ಹತ್ತಿತು. ನಿರಂಜನ ಚಿಪ್ಸ್ ಪೊಟ್ಟಣ ಹರಿದು ಹೇಳಿದ: "ಸಖತ್ತಾಗಿದೆ. ತಪ್ಪು ಅವನದಲ್ಲ ನೋಡು. ಆಸೆ ಹುಟ್ಟಿಸಿ ಆಮೇಲೆ ಬೇಡ ಅಂದ್ರೆ ಗಂಡಸಿಗೆ ತಲೆ ಕೆಡ್ದೆ ಇರುತ್ತಾ?"

"ಸತ್ತೋರು ಅವನಿಗೇನು ಮಾಡಿದ್ರು?" ಎಂದಳು ಚಂದ್ರಕಲಾ.

"ಅದು ಕಥೆ. ಹಂಗೆಲ್ಲ ಕೇಳ್ಬಾರ್ದು."

ಅವಳು ಮತ್ತೆ ಕೇಳಿದಳು: "ನಿಮ್ಮನ್ನ ಯಾರಾದ್ರೂ ಬೇಡ ಅಂದ್ರೆ?"

ಅವನು ನಕ್ಕ. "ನನ್ನನ್ಯಾರು ಬೇಡ ಅಂತಾರೆ?" ಎಂದವನು ನನ್ನ ಕೈಮೇಲಿದ್ದ ಅವಳ ಕೈಯನ್ನು ಅದುಮಿ ಹಿಡಿದ. ನಗು ನಿಂತಿತ್ತು. "ಅಂದು ನೋಡ್ಲಿ."

ಆ ಹಿಡಿತ ನನಗೂ ತಾಗಿತು. ಅದು ಪ್ರೀತಿಯ ಹಿಡಿತ ಅಲ್ಲ. ಬೋಲ್ಟು ಬಿಗಿಯುವ ಸ್ಪ್ಯಾನರಿನ ಹಿಡಿತ ಎಂಥದ್ದೆಂದು ನಾನು ಬಲ್ಲೆ.

ದೀಪ ಆರಿತು. ಪರದೆಯ ಮೇಲೆ ಎರಡನೇ ಹುಡುಗಿ ಸ್ಟುಡಿಯೋ ಮೆಟ್ಟಿಲು ಹತ್ತುತ್ತಿದ್ದಳು. ಚಂದ್ರಕಲಾ ಹೇಳಿದಳು: "ನಾನು ಹೊರಗೆ ಅತ್ತೆ ಹತ್ರ ಹೋಗ್ತೀನಿ."

"ಕೂತ್ಕೊ. ಸಿನಿಮಾ ತಾನೇ."

"ನನಗೆ ನೋಡಕ್ಕಾಗ್ತಿಲ್ಲ."

"ಕೂತ್ಕೊ ಅಂದೆ." ಅವನು ಎರಡೂ ಮಂಡಿಗಳನ್ನು ಮುಂದಿನ ಸಾಲಿನ ಬೆನ್ನಿಗೆ ಒತ್ತಿದ. ದಾರಿ ಮುಚ್ಚಿತು.

ಅವಳು ಗೋಡೆ ನೋಡಿದಳು, ಮಂಡಿ ನೋಡಿದಳು. ಇವಳೂ ನನ್ನ ಹಾಗೇ ಬೋಲ್ಟಿಗೆ ಬಿದ್ದಳಲ್ಲ ಎಂದು ನನಗೆ ಅಳು ಬಂದ ಹಾಗಾಯಿತು. ನನ್ನ ಕೈಲಾಗುವುದೇನಿತ್ತು? ಅಷ್ಟರಲ್ಲಿ ಪರದೆಯ ಮೇಲೆ ಸದ್ದಡಗಿತು, ಕೊಲೆಗಾರ ಹುಡುಗಿಯ ಹಿಂದೆ ಬಂದು ನಿಂತ. ಇಡೀ ಬಾಲ್ಕನಿ ಉಸಿರು ಬಿಗಿಹಿಡಿದಿತ್ತು. ಚಂದ್ರಕಲಾ ತಟ್ಟನೆ ಎದ್ದಳು.

ನಾನು ಹುಟ್ಟಿದಾಗಿನಿಂದ ಇದ್ದ ಬಲವನ್ನೆಲ್ಲ ಸೇರಿಸಿ ಬಡಿದುಕೊಂಡೆ. ಠಪ್!

ಬಾಲ್ಕನಿಗೆ ಬಾಲ್ಕನಿಯೇ ಕಿರುಚಿತು. ಆಮೇಲೆ ಎಲ್ಲರೂ ತಿರುಗಿ ನಮ್ಮನ್ನೇ ನೋಡಿದರು. "ಯಾರ್ರೀ ಅದು?" "ಪಾಪ, ಹೆಣ್ಮಗು ಹೋಗ್ಬೇಕಂತೆ, ಕಾಲು ತೆಗೀರಿ ಸ್ವಾಮಿ!" ಯಾರೋ ಟಾರ್ಚು ಬಿಟ್ಟರು. ಬೆಳಕು ನಿರಂಜನನ ಮಂಡಿಯ ಮೇಲೇ ಬಿತ್ತು. ಅಷ್ಟು ಜನರೆದುರು ಅವನು ಮುಖ ಕೆಂಪು ಮಾಡಿಕೊಂಡು ಕಾಲು ಹಿಂದಕ್ಕೆ ಎಳೆದುಕೊಂಡ. ಅವಳು ದಾಟಿದಳು.

ಅವಳ ಚಪ್ಪಲಿ ಸದ್ದು ನನ್ನ ಬೆನ್ನ ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಅವನೂ ಎದ್ದು ಹಿಂದೆಯೇ ಹೋದ. ಮುಂದೇನಾಯಿತೋ! ಬಾಗಿಲು ನನ್ನ ಬೆನ್ನಿಗಿತ್ತಲ್ಲ. ಲಗ್ನಪತ್ರಿಕೆ ಅಚ್ಚಾಗಿದೆ ಎಂಬುದು ನೆನಪಾದಾಗಲೆಲ್ಲ ಒಳಗಿನ ನಾರು ಹಿಂಡಿದಂತಾಗುತ್ತಿತ್ತು. ಆ ಸಿನಿಮಾ ಹೋಯಿತು, ಬೇರೆಯವು ಬಂದವು, ಜನ ಕಡಿಮೆಯಾದರು. ಒಂದು ದಿನ ಪರದೆಯೂ ಕತ್ತಲಾಯಿತು. ಆ ಕತ್ತಲಲ್ಲಿ ವರ್ಷಗಟ್ಟಲೆ ಕೂತು ನಾನು ಕೇಳಿಕೊಂಡದ್ದು ಒಂದೇ: ಅವಳು ಆ ಮದುವೆಯಿಂದಲೂ ಹೊರಗೇ ಉಳಿದಳೋ, ಮತ್ತೆ ಅದರೊಳಗೆ ಹೋದಳೋ?

ಟಾಕೀಸು ಮಾರಾಟವಾಗಿ ಕೆಡವುವ ಕೆಲಸ ಶುರುವಾದಾಗ ನನ್ನ ಬೋಲ್ಟು ಬಿಚ್ಚಿದರು. ತುಕ್ಕು ಹಿಡಿದು ಬರಲೊಲ್ಲದ ಒಂದನ್ನು ಕತ್ತರಿಸಿದರು. ಗುಜರಿಗೇ ಎಂದುಕೊಂಡೆ. ನಮ್ಮ ಮೂವರನ್ನು ಗೂಡ್ಸ್ ಆಟೋದಲ್ಲಿ ತಂದು ಇಳಿಸಿದ್ದು ಪೇಟೆ ಬೀದಿಯ ಒಂದು ಬ್ಲೌಸ್ ಅಂಗಡಿಗೆ. ಅಳತೆ ಕೊಡಲು ಬಂದವರು ಕೂರಲಿ ಎಂದು. ಅಂಗಡಿ ಯಜಮಾನಿ, ಕೊರಳಲ್ಲಿ ಟೇಪು, ಕಿವಿಯ ಬಳಿ ನರೆ, ಬಂದು ನನ್ನಲ್ಲಿ ಕೂತಳು. ಹೆಬ್ಬೆರಳು ನೇರವಾಗಿ ಆ ತೂತಿಗೆ ಹೋಯಿತು.

ಮುಖ ನೋಡುವ ಅಗತ್ಯವೇ ಬೀಳಲಿಲ್ಲ. ನನ್ನ ಸಂತೋಷವನ್ನು ಹೇಗೆ ಹೇಳಲಿ!

ಮೊನ್ನೆ ಅಂಗಡಿಯ ಟೀವಿಯಲ್ಲಿ ಅದೇ ಸಿನಿಮಾ ಬಂತು. ಹೆಂಗಸರ ನಡುವೆ ಮತ್ತೆ ಅದೇ ಜಗಳ. "ಏನ್ ಚೆನ್ನಾಗ್ ತೆಗ್ದವ್ರೆ!" ಎಂದಳು ಒಬ್ಬಳು. "ಥೂ, ಮಕ್ಕಳು ನೋಡೋ ಹಂಗಿಲ್ಲ" ಎಂದಳು ಇನ್ನೊಬ್ಬಳು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಮುದುಕಿ ಸರ್ವಮಂಗಳಮ್ಮ ತಲೆ ಚಚ್ಚಿಕೊಂಡರು: "ಇದರಿಂದಲೇ ಕಣ್ರೇ ನಮ್ಮನೇಲಿ ರಂಪ ಆಗಿದ್ದು. ಸಿನಿಮಾ ನೋಡಿ ಯಾರಾದ್ರೂ ಮದುವೆ ಬಿಡ್ತಾರಾ ಅಂತ ನಮ್ಮಣ್ಣ ಕುಣಿದಾಡಿಬಿಟ್ಟ. ನಾನೇ ಇವಳ ಪರವಾಗಿ ಅವನಿಗೆ ಅಡ್ಡ ನಿಂತೆ. ನಡುವೆ ಕೂರ್ಬೇಕಾದೋಳು ಹೊರಗೆ ಹೋಗಿ ಕೂತಿದ್ನಲ್ಲ, ಅಷ್ಟಾದ್ರೂ ಮಾಡ್ಬೇಡ್ವಾ? ಈಗ ನೋಡಿ, ಟಾಕೀಸು ಒಡೀತಾರೆ ಅಂತ ಕೇಳಿ, ಗೋಡೆ ಬದಿ ಸಾಲೇ ಬೇಕು ಅಂತ ಹಠ ಹಿಡಿದು ಹೊತ್ಕೊಂಡು ಬಂದವ್ಳೆ."

"ಅಕ್ಕಾ, ನಿಮಗೆ ಸಿನಿಮಾ ಹೆಂಗನ್ನಿಸ್ತು?" ಎಂದು ಒಬ್ಬಳು ಕೇಳಿದಳು.

ಚಂದ್ರಕಲಾ ದಾರ ಕಡಿದು ಹೇಳಿದಳು: "ನಾನು ಪೂರ್ತಿ ನೋಡಿಲ್ಲಮ್ಮ. ಅರ್ಧಕ್ಕೇ ಎದ್ದು ಬಂದೆ. ಅಷ್ಟು ಮಾತ್ರ ಬಹಳ ಚೆನ್ನಾಗಿತ್ತು."

ಈಗ ನನಗೆ ಬೋಲ್ಟಿಲ್ಲ. ಗೋಡೆ ಬೆನ್ನಿಗಿದೆ, ಎದುರಿಗೆ ತೆರೆದ ಬಾಗಿಲು. ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಎಲ್ಲ ಕಾಣುತ್ತದೆ. ಗಿರಾಕಿಗಳು ಎದ್ದಾಗಲೆಲ್ಲ ನಾನು ಬಡಿದುಕೊಳ್ಳುತ್ತೇನೆ, ಅತ್ತೆ ಬೆಚ್ಚಿಬಿದ್ದು "ಆ ಸ್ಪ್ರಿಂಗ್ ಸರಿ ಮಾಡ್ಸೇ" ಎಂದು ಗೊಣಗುತ್ತಾರೆ.

"ಬೇಡ ಅತ್ತೆ" ಎನ್ನುತ್ತಾಳೆ ಚಂದ್ರಕಲಾ. "ಅದು ಹಂಗೇ ಇರ್ಲಿ."