ಎರಡನೇ ಬ್ರೇಕು

ಹಿಮವನ್ನು ನಾನು ಅದುವರೆಗೆ ಕಣ್ಣಾರೆ ಕಂಡವನಲ್ಲ. ಆದರೂ ಹಿಮದ ಮೇಲೆ ಕಾರು ಓಡಿಸುವುದು ಹೇಗೆಂದು ಮಗಳಿಗೆ ಪಾಠ ಹೇಳಲು ಕೂತೆ. ಜೀವಮಾನವೆಲ್ಲ ಡ್ರೈವಿಂಗ್ ಸ್ಕೂಲ್ ನಡೆಸಿದವನ ಬಾಯಲ್ಲಿ ಗೊತ್ತಿಲ್ಲ ಎನ್ನುವ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ನಮ್ಮೂರಿನ ಅರ್ಧ ಜನಕ್ಕೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸಿಕೊಟ್ಟವನು ನಾನೇ. ಕಲಿಯುವವರು ಎಡವಟ್ಟು ಮಾಡಿದರೆ ಒತ್ತಲೆಂದು ನನ್ನ ಕಾಲಿನ ಹತ್ತಿರವೂ ಒಂದು ಬ್ರೇಕ್ ಪೆಡಲ್ ಇತ್ತು. ಅದಕ್ಕೇ ಎಲ್ಲರ ಬಾಯಲ್ಲೂ ನಾನು ಬ್ರೇಕ್ ಮೇಷ್ಟ್ರು. ಎಷ್ಟೋ ಜನರ ಹಲ್ಲು, ಎಷ್ಟೋ ನಾಯಿಗಳ ಬಾಲ ಆ ಪೆಡಲಿನಿಂದಲೇ ಉಳಿದಿವೆ.

ಹೋದ ವರ್ಷ ನನ್ನ ಬಲಗಡೆಗೆ ಲಕ್ವ ಹೊಡೆಯಿತು. ಕೈ ಹೇಗೋ ಸರಿಹೋಯಿತು, ಕಾಲು ಮಾತ್ರ ಕೋಲಿಲ್ಲದೆ ನಡೆಯಲು ಒಪ್ಪಲಿಲ್ಲ. ಸ್ಕೂಲಿನ ಬೋರ್ಡು ಇಳಿಸಿದೆ. ಅದೇ ಹೊತ್ತಿಗೆ ಮಗಳಿಗೆ ಬೆಟ್ಟದಾಚೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಅಲ್ಲಿ ಚಳಿಗಾಲ ಪೂರ್ತಿ ರಸ್ತೆಯ ಮೇಲೆ ಹಿಮ. ಹಾಸಿಗೆ ಹಿಡಿದವರನ್ನು, ಬಾಣಂತಿಯರನ್ನು ಅವರವರ ಮನೆಗೇ ಹೋಗಿ ನೋಡಿ ಬರಬೇಕು. ಕಾರು ಓಡಿಸಲು ಬಾರದವರಿಗೆ ಆ ಕೆಲಸವೇ ಇಲ್ಲ. ಅವಳಿಗೆ ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೆ ನಾನು ಪಕ್ಕದಲ್ಲಿಲ್ಲದೆ ಅವಳು ಒಂದು ದಿನವೂ ಓಡಿಸಿದವಳಲ್ಲ. ತಿರುವು ಬಂದರೆ ಸಾಕು, ನನ್ನ ಕಾಲು ಪೆಡಲಿನ ಮೇಲಿದೆಯೇ ಎಂದು ಒಮ್ಮೆ ಇಣುಕಿ ನೋಡುವುದು ಅವಳ ಅಭ್ಯಾಸ. ಎಷ್ಟು ಬೈದರೂ ಅದು ಹೋಗಲಿಲ್ಲ.

“ಸ್ಕೂಲಿನ ಕಾರಲ್ಲೇ ಹೋಗೋಣ ಅಪ್ಪ. ಬಿಟ್ಟು ಬರೋದಕ್ಕೆ ನೀನೂ ಬಾ. ನಿನ್ನ ಕಾಲು ಅಲ್ಲಿದ್ರೆ ಸಾಕು, ನಂಗೆ ಧೈರ್ಯ.”

“ಆಮೇಲೆ ನಾನು ಬಸ್ ಹತ್ತಿ ವಾಪಸ್ ಬಂದ್ಮೇಲೆ?”

“ಆಮೇಲಿಂದು ಆಮೇಲೆ.”

ಆ ಕಡೆಗೆ ಲಾರಿ ಓಡಿಸುವ ಹಳೇ ಶಿಷ್ಯನೊಬ್ಬನಿಗೆ ಫೋನ್ ಮಾಡಿದೆ. ಅವನು ಹೇಳಿದ್ದಕ್ಕೆಲ್ಲ ಮೊದಲೇ ಗೊತ್ತಿದ್ದವನಂತೆ ಹೂಂಗುಟ್ಟಿ, ಆಮೇಲೆ ಅದನ್ನೇ ಮಗಳಿಗೆ ಒಪ್ಪಿಸಿದೆ. ರೇಡಿಯೇಟರಿಗೆ ಹೆಪ್ಪುಗಟ್ಟದ ನೀರು ಹಾಕಿಸಬೇಕು. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯಬಾರದು. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಬೆಳಿಗ್ಗೆ ಅದು ಅಲ್ಲೇ ಕಚ್ಚಿಕೊಂಡಿರುತ್ತದೆ, ಗೇರಿನಲ್ಲಿ ಬಿಡಬೇಕು. ಎಲ್ಲಕ್ಕಿಂತ ದೊಡ್ಡ ಮಾತು, ಕಾರು ಜಾರಿದರೆ ಬ್ರೇಕು ಮುಟ್ಟಬಾರದು. ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ಕಡೆ ನೋಡಿ, ಅತ್ತಲೇ ಸ್ಟೀರಿಂಗ್ ತಿರುಗಿಸಬೇಕು. ಬ್ರೇಕ್ ಮೇಷ್ಟ್ರ ಬಾಯಲ್ಲಿ ಬ್ರೇಕು ಮುಟ್ಟಬೇಡ ಎನ್ನುವ ಪಾಠ! ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು.

ನಕ್ಕವಳು ಸುಮ್ಮನಿರಲಿಲ್ಲ. ಡಿಕ್ಕಿಗೆ ಕಂಬಳಿ ತುಂಬಿ ತುಂಬಿ, ನಾನು ತಂದಿಟ್ಟ ಸಲಿಕೆಗೂ ಮರಳಿನ ಚೀಲಕ್ಕೂ ಜಾಗವಿಲ್ಲದಂತೆ ಮಾಡಿದಳು.

“ಮಗಳನ್ನ ಕೆಲಸಕ್ಕೆ ಕಳಿಸ್ತಿದೀವೋ, ಕಂಬಳಿ ಅಂಗಡಿ ಇಡ್ಸ್ತಿದೀವೋ?” ಎಂದೆ.

“ನಿಮ್ಮ ಮರಳು ಹೊದ್ಕೊಂಡು ಮಲಗೋಕಾಗುತ್ತೇನ್ರೀ?” ಎಂದಳು. ಚೀಲವನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ.

ಜಾರುವ ಪಾಠ ನಡೆದದ್ದು ನನ್ನ ಭಾಮೈದನ ಗ್ಯಾರೇಜಿನಲ್ಲಿ. ಗಾಡಿ ತೊಳೆಯುವ ಸಿಮೆಂಟಿನ ಅಂಗಳದ ಮೇಲೆ ಅವನು ಬಕೆಟ್‌ಗಟ್ಟಲೆ ಸೋಪಿನ ನೀರು ಸುರಿದ. ನಮ್ಮೂರಿನ ಬಿಸಿಲಲ್ಲಿ ಹಿಮಕ್ಕೆ ಅದಕ್ಕಿಂತ ಹತ್ತಿರದ್ದು ಏನೂ ಸಿಗುವಂತಿರಲಿಲ್ಲ. ಮಗಳು ಮೆಲ್ಲಗೆ ಬಂದು ಸ್ಟೀರಿಂಗ್ ತಿರುಗಿಸಿದಳು. ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಹೊರಟು, ನಾವು ಗೋಡೆಯ ಬಳಿ ಪೇರಿಸಿದ್ದ ಹಳೇ ಟೈರುಗಳ ಕಡೆಗೆ ಜಾರಿದೆವು. ಗೇಣುದ್ದ ಇರುವಾಗ ಕಾರು ಗಕ್ಕನೆ ನಿಂತಿತು.

“ಅಬ್ಬಾ! ಸರಿಯಾದ ಹೊತ್ತಿಗೆ ನೀನು ಒತ್ತಿದೆ ಅಪ್ಪ. ನಾನು ಮುಟ್ಟಲೇ ಇಲ್ಲ,” ಎಂದು ಅವಳು ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

ಕೆಳಗೆ ನೋಡಿದೆ. ನನ್ನ ಬಲಗಾಲಿನ ಬೂಟು ಪೆಡಲಿನ ಮೇಲಿತ್ತು. ಒತ್ತು ಎಂದು ನಾನು ಅದಕ್ಕೆ ಹೇಳಿರಲಿಲ್ಲ. ಒತ್ತಿದ್ದೂ ನನಗೆ ಗೊತ್ತಾಗಿರಲಿಲ್ಲ. ತೆಗೆಯಲು ನೋಡಿದರೆ ಬರಲಿಲ್ಲ. ಕೊನೆಗೆ ಮಂಡಿಯನ್ನು ಕೈಯಿಂದ ಹಿಡಿದೆತ್ತಿ ಪಕ್ಕಕ್ಕಿಟ್ಟೆ. ಮಗಳು ಅಷ್ಟರಲ್ಲಿ ಇಳಿದು, ಟೈರಿಗೆ ತಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಭಾಮೈದ ಮಾತ್ರ ಕಿಟಕಿಯಾಚೆ ನಿಂತು ಎಲ್ಲವನ್ನೂ ನೋಡಿದ್ದ.

ಅವಳು ಮನೆಗೆ ಹೋದ ಮೇಲೆ ಅವನೇ ಬಾಯಿಬಿಟ್ಟ. “ಭಾವ, ಬೆಟ್ಟದ ಮೇಲೆ ಹೀಗೇ ಒತ್ತಿಬಿಟ್ರೆ?”

ಒತ್ತಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹಿಮದ ಇಳಿಜಾರಿನಲ್ಲಿ ಗಾಲಿ ಕಚ್ಚಿಕೊಂಡರೆ ಕಾರು ಯಾರ ಮಾತನ್ನೂ ಕೇಳುವುದಿಲ್ಲ.

“ಎರಡು ಪೆಡಲನ್ನ ಜೋಡಿಸೋ ಸರಳು ಬಿಚ್ಚಿಬಿಡು. ಪೆಡಲ್ ಮಾತ್ರ ಹಾಗೇ ಇರ್ಲಿ.”

“ಅವಳಿಗೆ ಹೇಳಲ್ವಾ?”

“ಹೇಳಿದ್ರೆ ಹೊರಡ್ತಾಳಾ?”

ಅವನು ಸ್ಪ್ಯಾನರ್ ಹಿಡಿದು ಸೀಟಿನಡಿ ತೂರಿಕೊಂಡ. ಇಷ್ಟು ವರ್ಷ ನನ್ನ ಹೊಟ್ಟೆ ಹೊರೆದ ಸರಳನ್ನು ಬಿಚ್ಚಿ, ಹಳೇ ಬೇಸಿನ್ನಿನೊಳಗೆ ಹಾಕಿದ. ನನಗೆ ಅಳು ಬಂತು. ಸಾಬೂನು ಕಣ್ಣಿಗೆ ಹೋಯಿತು ಎಂದೆ.

ನಾವು ಹೊರಟೆವು. ಬಯಲಿನಲ್ಲಿ ಎಲ್ಲ ಸುಸೂತ್ರ. ಮಗಳು ಹಾಡಿಕೊಂಡು ಓಡಿಸಿದಳು, ತಿರುವಿಗೊಮ್ಮೆ ನನ್ನ ಕಾಲು ನೋಡಿಕೊಂಡಳು. ನಾನೂ ಬೂಟನ್ನು ಪೆಡಲಿನ ಪಕ್ಕದಲ್ಲೇ, ಅವಳಿಗೆ ಕಾಣುವಂತೆ ಇಟ್ಟುಕೊಂಡಿದ್ದೆ. ಬೆಟ್ಟದ ಬುಡದಲ್ಲಿ ಕಾವಲಿನವನೊಬ್ಬ ತಡೆದು, ಜಾರದಂತೆ ಗಾಲಿಗಳಿಗೆ ಕಬ್ಬಿಣದ ಚೈನ್ ಸುತ್ತದೆ ಮೇಲೆ ಬಿಡುವುದಿಲ್ಲ ಎಂದ. ಚೈನ್ ಹಾಕುವುದನ್ನು ಮನೆಯಂಗಳದಲ್ಲಿ ಎಷ್ಟೋ ಸಲ ಮಾಡಿಸಿದ್ದೆ. ಆದರೆ ಅಲ್ಲಿ ಬೆರಳುಗಳು ಬೆರಳುಗಳಾಗಿದ್ದವು. ಇಲ್ಲಿ ಅವಳು ಹಿಮದಲ್ಲಿ ಮಂಡಿಯೂರಿ ಕೂತು, ಕೊಕ್ಕೆ ಸಿಕ್ಕಿಸಲಾಗದೆ ಕೈಗವಸು ಕಿತ್ತೆಸೆದು, ಬರಿಗೈಯಲ್ಲಿ ಕಬ್ಬಿಣ ಹಿಡಿದು ಒದ್ದಾಡಿದಳು. ಅವಳ ಬೆರಳು ಕೆಂಪಾಗಿ, ಆಮೇಲೆ ಬಿಳಿಚಿಕೊಂಡವು. ನನಗೆ ಬಗ್ಗಲಾಗುವುದಿಲ್ಲ. ಬಗ್ಗಿದರೆ ಏಳಲಾಗುವುದಿಲ್ಲ. ಕೋಲೂರಿ ನಿಂತು, “ಒಳಗಡೆ ಕೊಕ್ಕೆ ಮೊದ್ಲು, ಒಳಗಡೇದು!” ಎಂದು ಕೂಗುವುದಷ್ಟೇ ನನ್ನ ಕೆಲಸವಾಯಿತು.

“ಅಪ್ಪ, ದಮ್ಮಯ್ಯ, ಒಳಗೆ ಕೂತ್ಕೋ,” ಎಂದಳು.

ಕೂತೆ. ಗಾಜಿನಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಇಷ್ಟು ದೊಡ್ಡ ಮೇಷ್ಟ್ರು, ಮಗಳ ಕೈ ಹೆಪ್ಪುಗಟ್ಟುವುದನ್ನು ಬೆಚ್ಚಗೆ ಕೂತು ನೋಡುತ್ತಿದ್ದೇನೆ ಎನಿಸಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಏರು ಮುಗಿದು ಇಳಿಜಾರು ಶುರುವಾಯಿತು. ಎರಡನೇ ಗೇರಿನಲ್ಲಿ, ಚೈನುಗಳ ಕಟಕಟ ಸದ್ದಿನಲ್ಲಿ ಇಳಿಯುತ್ತಿದ್ದೆವು. ಒಂದು ತಿರುವು ದಾಟುತ್ತಲೇ ಎದುರಿಗೆ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಕಾರಿನ ಹಿಂಭಾಗ ಅದೇ ಗ್ಯಾರೇಜಿನ ಅಂಗಳದಂತೆ ತನ್ನ ಪಾಡಿಗೆ ಹೊರಟಿತು.

“ಅಪ್ಪಾ!” ಎಂದವಳೇ ಅವಳು ರಸ್ತೆ ಬಿಟ್ಟು ನನ್ನ ಕಾಲು ನೋಡಿದಳು.

ನನ್ನ ಕಾಲು ಆಗಲೇ ಪೆಡಲನ್ನು ನೆಲಕ್ಕೆ ಒತ್ತಿಬಿಟ್ಟಿತ್ತು. ಪೆಡಲು ಏನೂ ಹಿಡಿತವಿಲ್ಲದೆ ಸೋತುಹೋದಂತೆ ಬಿದ್ದುಕೊಂಡಿತ್ತು. ರಸ್ತೆ ನೋಡು ಎಂದು ಕೂಗಬೇಕೆಂದರೆ ನಾಲಿಗೆ ಅಂಟಿಕೊಂಡಿತ್ತು. ನಾನು ಮಾಡಬಹುದಾಗಿದ್ದು ಒಂದೇ. ಅವಳ ಗಲ್ಲ ಹಿಡಿದು ಮುಖವನ್ನು ರಸ್ತೆಯ ಕಡೆ ತಿರುಗಿಸಿದೆ. ಅವಳು ಆಕ್ಸಿಲರೇಟರ್ ಬಿಟ್ಟಳು, ಬೆಟ್ಟದ ಕಡೆ ನೋಡಿದಳು, ಅತ್ತಲೇ ಸ್ಟೀರಿಂಗ್ ತಿರುಗಿಸಿದಳು. ಕಾರು ಪಕ್ಕದ ಮೆತ್ತನೆಯ ಹಿಮದ ರಾಶಿಗೆ ಮೂಗು ತೂರಿಸಿ ನಿಂತಿತು.

“ನೀನು ಒತ್ತಿದೆ ಅಲ್ವಾ?” ಎಂದಳು. “ನೀನಿಲ್ದಿದ್ರೆ ಇವತ್ತು ನಾನು ಸತ್ತೇ ಹೋಗ್ತಿದ್ದೆ.”

ಸುಮ್ಮನೆ ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೂ ತಿಳಿಯಲಿಲ್ಲ.

ನಮ್ಮ ಸಲಿಕೆ, ಮರಳಿನಿಂದ ಲಾರಿಯವರು ಮೊದಲು ನಮ್ಮ ಕಾರನ್ನು, ಆಮೇಲೆ ತಮ್ಮ ಲಾರಿಯನ್ನು ಬಿಡಿಸಿದ ಮೇಲೆ ಆಸ್ಪತ್ರೆ ತಲುಪಿದೆವು. ಅದರ ಹಿಂದೆ ಅವಳಿಗೊಂದು ಕೋಣೆ ಕೊಟ್ಟಿದ್ದರು. ಕಬ್ಬಿಣದ ಮಂಚ, ಒಂದು ಹೀಟರ್, ಕಿಟಕಿಯ ಸಂದಿಗೆ ತುರುಕಿದ ಹಳೇ ಪೇಪರು. ಹೆಂಡತಿಯ ಕಂಬಳಿಗಳೆಲ್ಲ ಕೆಲಸಕ್ಕೆ ಬಂದವು. ಆ ಮಾತನ್ನು ಹೆಂಡತಿಗೆ ಹೇಳಬಾರದೆಂದು ತೀರ್ಮಾನಿಸಿದೆ. ನಿದ್ದೆ ಹತ್ತಲಿಲ್ಲ. ಪೆಡಲಿನ ವಿಷಯ ಹೇಳದೆ ಹೊರಟರೆ ಮಗಳು ಚಳಿಗಾಲವಿಡೀ ಪ್ರತಿ ತಿರುವಿನಲ್ಲೂ ಖಾಲಿ ಸೀಟಿನ ಕಡೆ ನೋಡುತ್ತಾಳೆ. ಹೇಳಿದರೆ ಕಾರಿನ ಬಾಗಿಲೇ ತೆಗೆಯದೆ ಹೋಗಬಹುದು.

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಿಡಲು ಬಂದಳು. ಅಲ್ಲಿಂದ ನೇರ ರೋಗಿಗಳ ಮನೆಗೆ ಹೊರಡಬೇಕಿತ್ತು, ಅದೇ ಮೊದಲ ಸಲ. ನಾನು ಇಳಿಯುವ ಮೊದಲು ಹೇಳಿದೆ.

“ಆ ಪೆಡಲ್ ಕೈಯಿಂದ ಒತ್ತಿ ನೋಡು.”

ಬಗ್ಗಿ ಒತ್ತಿದಳು. ಅದು ಸದ್ದಿಲ್ಲದೆ ಕೆಳಗೆ ಹೋಗಿ ಅಲ್ಲೇ ಉಳಿಯಿತು. ಇನ್ನೊಮ್ಮೆ ಎತ್ತಿ ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು.

“ಯಾವಾಗಿಂದ?”

“ಊರು ಬಿಡೋಕೆ ಮುಂಚೇನೇ ಬಿಚ್ಚಿಸ್ದೆ. ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ ಮಗಳೇ. ನಿನ್ನೆ ಕಾರು ನಿಲ್ಸಿದ್ದು ನೀನೇ, ನಾನಲ್ಲ.”

“ಅಂದ್ರೆ ಇಡೀ ದಾರಿ ಸುಮ್ನೆ ಕೂತಿದ್ಯಾ?”

“ಸುಮ್ನೆ ಎಲ್ಲಿ? ಹೆದರ್ಕೊಂಡು ಕೂತಿದ್ದೆ.”

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಬೈಯಲೂ ಇಲ್ಲ. ನನ್ನ ಚೀಲ ಬಸ್ಸಿಗೆ ಹತ್ತಿಸಿ, ಮಫ್ಲರ್ ಸರಿಮಾಡಿ, “ತಲುಪಿದ್ಮೇಲೆ ಫೋನ್ ಮಾಡು,” ಎಂದಷ್ಟೇ ಹೇಳಿ ಹೋಗಿ ಕಾರಿನಲ್ಲಿ ಕೂತಳು. ಎಷ್ಟೋ ಹೊತ್ತು ಸ್ಟೀರಿಂಗ್ ಹಿಡಿದು ಕೂತೇ ಇದ್ದಳು. ಹೇಳಬಾರದಿತ್ತು, ಕೆಡಿಸಿಬಿಟ್ಟೆ ಎಂದುಕೊಂಡೆ. ಆಮೇಲೆ ಕಾರು ಹೊರಟಿತು.

ಅದರ ಹಿಂದೆಯೇ ನಮ್ಮ ಬಸ್ಸೂ ಹೊರಟಿತು. ಸ್ವಲ್ಪ ದೂರ ಎರಡಕ್ಕೂ ಒಂದೇ ರಸ್ತೆ. ಡ್ರೈವರನ ಪಕ್ಕದ ಸೀಟಿನಲ್ಲಿದ್ದ ನನಗೆ ಎದುರಿನ ಗಾಜಿನಲ್ಲಿ ಅವಳ ತಲೆಯ ಹಿಂಭಾಗ ಕಾಣುತ್ತಿತ್ತು. ಹಿಮ ಮತ್ತೆ ಬೀಳತೊಡಗಿತು. ಎರಡನೇ ಗೇರು, ಮೆಲ್ಲಗೆ, ಮೆಲ್ಲಗೆ ಎಂದು ನಾನು ಬಾಯಲ್ಲೇ ಅಂದುಕೊಂಡೆ. ರಸ್ತೆ ಕವಲೊಡೆಯುವ ಜಾಗದಲ್ಲಿ ಅವಳ ರಸ್ತೆ ಕಡಿದಾಗಿ ಇಳಿದು ಬಲಕ್ಕೆ ತಿರುಗುತ್ತಿತ್ತು. ಆ ತಿರುವಿನ ಹತ್ತಿರ ಅವಳ ತಲೆ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿತು.

“ರಸ್ತೆ ನೋಡೇ!” ಎಂದು ಕೂಗಿದೆ. ಬಸ್ಸಿನವರೆಲ್ಲ ನನ್ನನ್ನು ನೋಡಿದರು.

ಅಷ್ಟರಲ್ಲಿ ನಮ್ಮ ಬಸ್ಸು ಎಡಕ್ಕೆ ಹೊರಳಿತು. ಕಾರು ಮತ್ತೆ ಕಣ್ಣಿಗೆ ಬೀಳಲಿಲ್ಲ. ಕೆಳಗೆ ನೋಡಿದರೆ ನನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತಿ ಹಿಡಿದಿತ್ತು. ಎರಡೂ ಕೈಯಿಂದ ಮಂಡಿ ಹಿಡಿದು ಎತ್ತಲು ನೋಡಿದೆ, ಕಾಲು ಏಳಲಿಲ್ಲ.