ಕಿಸೆ ಇರುವ ನೈಟಿ

ಧನಕವಡಿ ಎಂಬ ಮರಾಠಿ ಬಡಾವಣೆಯ ಹೆಂಗಸರಿಗೆ ನೈಟಿ ಎಂದರೆ ಶಿವಬಸವ್ವನ ನೈಟಿಯೇ. ಗಂಡ ಆಫೀಸಿಗೆ ಹೋದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಂದು ಹೊಲಿಗೆ ಯಂತ್ರದಿಂದ ಅವಳು ಶುರು ಮಾಡಿದ ಕೆಲಸ, ರೇಣು ಬೈಲಹೊಂಗಲದಿಂದ ಸೊಸೆಯಾಗಿ ಬರುವ ಹೊತ್ತಿಗೆ ಕಾತ್ರಜದ ಹತ್ತಿರ ಒಂದು ಶೆಡ್ಡನ್ನೇ ತುಂಬಿತ್ತು. ಸಾತಾರಾ, ಬೆಳಗಾವಿ ಕಡೆಯ ಬಸ್ಸುಗಳಲ್ಲಿ ಗಂಟುಗಟ್ಟಲೆ ನೈಟಿ ಹೋಗುತ್ತಿದ್ದವು. ಬಟ್ಟೆ ಕತ್ತರಿಸುವ ಕೆಲಸ ರೇಣುವಿನ ಕೈಗೆ ಹತ್ತಿತು. ಅತ್ತೆ ಮಾತ್ರ ಜನ್ಮದಲ್ಲಿ ನೈಟಿ ತೊಟ್ಟವಳಲ್ಲ; ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿಗೆಲ್ಲ ನೈಟಿ ತೊಡಿಸಿದಳು.

ರೇಣುವಿನ ಗಂಡ ಬಸವಲಿಂಗನಿಗೆ ನೈಟಿ ಮಾರುವವನು ಎನ್ನಿಸಿಕೊಳ್ಳಲು ಸಂಕೋಚ. ಕುರ್ತಾ ಮಾಡೋಣ, ನಮ್ಮದೇ ಹೆಸರಿನ ಶೋರೂಮ್ ತೆಗೆಯೋಣ ಎಂದು ಹಟ ಹಿಡಿದ. ಶಿವಬಸವ್ವ ಬೇಡ ಅನ್ನಲಿಲ್ಲ. ಲಕ್ಷ್ಮೀ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಎದ್ದಿತು. ಮೊದಲ ದೀಪಾವಳಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಫ್ಯಾಷನ್ನು ಇವರಿಗಿಂತ ಜೋರಾಗಿ ಓಡಿತು. ಇವರು ಉದ್ದ ಹೊಲಿದಾಗ ಹುಡುಗಿಯರು ಗಿಡ್ಡ ಕೇಳಿದರು. ಗಿಡ್ಡ ಹೊಲಿಯುವಷ್ಟರಲ್ಲಿ ಎಲ್ಲವನ್ನೂ ಫೋನಿನಲ್ಲೇ ತರಿಸಿಕೊಳ್ಳತೊಡಗಿದರು. ಕುರ್ತಾದ ಗದ್ದಲದಲ್ಲಿ ನೈಟಿಯ ಹಳೆಯ ಗಿರಾಕಿಗಳೂ ಬೇರೆ ಕಡೆ ತಿರುಗಿಕೊಂಡರು. ಕೊನೆಗೆ ಅಂಗಡಿ ಮುಚ್ಚಲೇಬೇಕಾಯಿತು.

ಆ ದಿನ ಬಸವಲಿಂಗ ಮನೆ ಬಿಟ್ಟು ಹೊರಡಲಿಲ್ಲ. ಶಿವಬಸವ್ವನೇ ಸೊಸೆಯನ್ನು ಕರೆದುಕೊಂಡು ಹೋಗಿ, ಅಂಗಡಿಯ ಹುಡುಗಿಯರನ್ನು ಕೂರಿಸಿ, ಚಹಾ ತರಿಸಿ, ತನ್ನ ಬೆಳಗಾವಿ ಮರಾಠಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಆಮೇಲೆ ಅದೇ ರಸ್ತೆಯ ಅಂಗಡಿಗಳನ್ನು ಹತ್ತಿಳಿದು ಒಬ್ಬೊಬ್ಬರಿಗೂ ಕೆಲಸ ಗೊತ್ತುಮಾಡಿದಳು. ಎಲ್ಲಿಯೂ ಹೊಂದದೆ ಉಳಿದ ಪ್ರಾಚಿ ಎಂಬವಳನ್ನು ಶೆಡ್ಡಿನ ಕೆಲಸಕ್ಕೇ ಇಟ್ಟುಕೊಂಡಳು. ಅತ್ತೆ ಅಳುತ್ತಾಳೇನೋ ಎಂದು ರೇಣು ಅವಳ ಮುಖವನ್ನೇ ನೋಡುತ್ತಿದ್ದಳು. ಅಳಲಿಲ್ಲ. ಮನೆಗೆ ಬಂದು ಮಗನ ಎದುರು ಕೂತಳು.

"ಬಸೂ, ನಾ ಬ್ಯಾಡ ಅಂದಿದ್ರ ನೀ ತೆಗಿತಿದ್ದಿಲ್ಲ. ತಪ್ಪು ಇಬ್ಬರದೂ ಅದ. ಏಳು, ಉಣ್ಣು."

ಮರುವಾರದಿಂದ ಅವಳು ಬೆಳಿಗ್ಗೆ ಹಾಲಿನ ಅಂಗಡಿಯ ಕಟ್ಟೆಯ ಮೇಲೆ ಕೂರತೊಡಗಿದಳು. ಹಾಲಿಗೆ ಬರುವ ಹೆಂಗಸರು ಹೆಚ್ಚಿನವರು ನೈಟಿಯಲ್ಲೇ. ಎದೆಯ ಮೇಲೊಂದು ಓಢಣಿ ಇಲ್ಲವೇ ಟವೆಲ್, ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಫೋನು, ಮನೆಯ ಕೀಲಿ ಹಲ್ಲಿನಲ್ಲಿ. ಅವರನ್ನು ನಿಲ್ಲಿಸಿ ಮಾತಾಡಿಸಿದಳು. ಹೀಗೆ ಹೊರಗೆ ಬರಲು ನಾಚಿಕೆ, ಆದರೆ ಬಟ್ಟೆ ಬದಲಿಸಲು ಪುರಸೊತ್ತಿಲ್ಲ ಎಂದರು.

"ರೇಣವ್ವಾ, ಇಷ್ಟು ವರ್ಷ ಹೊಲ್ದೀನಿ, ತೊಡೋರ್ನ ಒಮ್ಮಿನೂ ಕೇಳಿದ್ದಿಲ್ಲ ನೋಡು," ಎಂದಳು ಶೆಡ್ಡಿಗೆ ಬಂದು. "ಮನಿ ಬಾಗಿಲಾ ದಾಟೋ ನೈಟಿ ಮಾಡೂಣು."

ಉಳಿದುಹೋಗಿದ್ದ ಕುರ್ತಾ ಬಟ್ಟೆಯಲ್ಲೇ ರೇಣು ಕತ್ತರಿಸಿದಳು. ಕತ್ತಿಗೆ ಕಾಲರು, ಎದೆಗೆ ಎರಡು ಪದರ, ಪಕ್ಕಕ್ಕೆ ಆಳವಾದ ಕಿಸೆ. ಮೊದಲ ಸಲ ಫೋನಿನ ಭಾರಕ್ಕೆ ಕಿಸೆ ಜೋತುಬಿದ್ದು ಹೊಲಿಗೆ ಬಿಟ್ಟಿತು. ಮಾರಿದ್ದನ್ನೆಲ್ಲ ವಾಪಸು ತಂದು, ಒಳಗಿನಿಂದ ಗಟ್ಟಿ ಪಟ್ಟಿ ಕೊಟ್ಟು ಮತ್ತೆ ಹೊಲಿದರು. ಪ್ರಾಚಿ ತಾನೇ ತೊಟ್ಟು ವಿಡಿಯೊ ಮಾಡಿ ಫೋನಿನಲ್ಲಿ ಹಾಕಿದಳು. ಹೌಸಿಂಗ್ ಸೊಸೈಟಿಗಳಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಬಸವಲಿಂಗ ಸಂಕೋಚ ಬಿಟ್ಟು ಊರಿನ ಆ ತುದಿಯ ದೇಹೂ ರೋಡ್‌ವರೆಗೂ ಗಂಟು ಒಯ್ದು ಮಾರಿ ಬಂದ. ಶೆಡ್ಡಿನ ಯಂತ್ರಗಳೆಲ್ಲ ಮತ್ತೆ ತಿರುಗಿದವು.

ಹೀಗೆ ಒಂದೆರಡು ವರ್ಷ. ಆಮೇಲೆ ದೊಡ್ಡ ಕಂಪನಿಯೊಂದು ಅಂಥದ್ದೇ ನೈಟಿಯನ್ನು ಅಗ್ಗಕ್ಕೆ ತಂದಿತು.

"ಅತ್ತಿ, ನಮ್ಮದನ್ನ ಕದ್ದಾರ್ರಿ," ಎಂದಳು ರೇಣು.

ಶಿವಬಸವ್ವ ಒಂದನ್ನು ತರಿಸಿ, ಒಳಗು ಹೊರಗು ಮಾಡಿ, ಹೊಲಿಗೆ ಎಳೆದು ನೋಡಿದಳು.

"ಛಲೋ ಹೊಲ್ದಾರವ್ವಾ. ಇನ್ನ ಎಲ್ಲಾ ಊರಿನ ಹೆಣ್ಮಕ್ಕಳಿಗೂ ಕಿಸೆ ಸಿಕ್ತು, ಬಿಡು."

ಅಂಥ ಮಾತು ತನ್ನ ಬಾಯಿಂದ ಎಂದಾದರೂ ಬಂದೀತೇ ಎಂದು ರೇಣು ಬಹಳ ಹೊತ್ತು ಯೋಚಿಸಿದಳು. ಮಾರಾಟ ಇಳಿಯಿತು, ಕೆಲವು ಯಂತ್ರಗಳನ್ನು ಬಟ್ಟೆ ಮುಚ್ಚಿಟ್ಟರು. ಭೋರ್ ಊರಿನ ಸಂತೆಗೆ ಹೋಗೋಣ, ಗುಡ್ಡದ ಕಡೆಯ ಹೆಂಗಸರು ಗದ್ದೆ ಕೆಲಸಕ್ಕೆ ಏನು ತೊಡುತ್ತಾರೋ ಕೇಳೋಣ ಎಂದು ಅತ್ತೆ ಹೇಳಿದಾಗ ಅವಳು ಕತ್ತರಿ ಕೆಳಗಿಟ್ಟು ಕೂಡಲೇ ಹೊರಟಳು. ಬಸ್ಸು ಘಟ್ಟ ಹತ್ತುವ ಮೊದಲೇ ಶಿವಬಸವ್ವ ಹಿಂದಿನ ಸೀಟಿನ ಹೆಂಗಸನ್ನು ಮಾತಿಗೆಳೆದಿದ್ದಳು.