ಕಂಪನಿ ಸ್ಟೀರಿಯೋ ಮಾತ್ರ ಮುಟ್ಟಬೇಡಿ

ಬುಧವಾರದ ಡೈರಿಯಲ್ಲಿ ಅವಳು ಬರೆದದ್ದು ಎರಡೇ ಸಾಲು: ‘ಶನಿವಾರ ಕಾರು ಬಿಚ್ಚುತ್ತಾರಂತೆ. ನಾನು ಮಾಡಿದ್ದು ಹೊರಗೆ ಬಂದರೆ ಏನು ಗತಿ?’

ಕಥೆ ಇಲ್ಲಿಂದಲೇ ಶುರುವಾಗಬೇಕೆ? ಬರೆಯುವವಳಿಗೆ ಅನುಮಾನ. ‘ಹೊರಗೆ ಬಂದರೆ’ ಎಂದ ಕೂಡಲೇ ಓದುಗರಾದ ನೀವು ಡಿಕ್ಕಿಯಲ್ಲಿ ಹೆಣ ಹುಡುಕಲು ಹೊರಡುತ್ತೀರಿ. ಹೆಣ ಇಲ್ಲ. ದಯವಿಟ್ಟು ಡಿಕ್ಕಿ ಮುಚ್ಚಿ. ಅಲ್ಲಿರುವುದು ಒಂದು ಸ್ಟೆಪ್ನಿ ಟಯರು, ಅಪ್ಪನ ನಗುಮುಖವಿರುವ ಎರಡು ಬ್ಯಾನರು, ಅಷ್ಟೆ.

ಬೇರೆ ಆರಂಭ ನೋಡೋಣ.

೧

ಹಳೆಯ ಕಾರು. ಅದರ ಸ್ಟೀರಿಯೋದೊಳಗೆ ತೀರಿಹೋದ ಒಬ್ಬರ ಧ್ವನಿಯಿರುವ ಸಿ.ಡಿ. ಸಿಕ್ಕಿಕೊಂಡಿದೆ. ಅದಕ್ಕೇ ಮನೆಯವರು ಸೌಂಡ್ ಸಿಸ್ಟಮ್ ಪೂರ್ತಿ ಬದಲಾಯಿಸಿದರೂ ಸ್ಟೀರಿಯೋವನ್ನು ಮಾತ್ರ...

(ನಿಲ್ಲಿ. ಕರವಸ್ತ್ರ ಜೇಬಿಗೆ ಹಾಕಿಕೊಳ್ಳಿ. ಈ ಮನೆಯಲ್ಲಿ ಯಾರೂ ತೀರಿಹೋಗಿಲ್ಲ. ಸ್ಟೀರಿಯೋದಲ್ಲಿ ಧ್ವನಿಯೇನೋ ಇದೆ. ಆದರೆ ಆ ಧ್ವನಿಯ ಒಡೆಯರು ಗುಂಡುಕಲ್ಲಿನ ಹಾಗಿದ್ದಾರೆ. ತಾಪತ್ರಯವೇ ಅದು.)

೨

ಅವಳ ಅಪ್ಪ ಮಾತು ಕಲಿಸುವವರು. ಸಾಮಾನು ಮಾರುವವರಿಗೆ, ಹೊಸದಾಗಿ ಮ್ಯಾನೇಜರ್ ಆದವರಿಗೆ, ಮೈಕ್ ಕಂಡರೆ ಬೆವರುವವರಿಗೆ, ಹೇಗೆ ಮಾತಾಡಬೇಕೆಂದು ಎರಡೆರಡು ಗಂಟೆ ತಾವೇ ಮಾತಾಡಿ ತೋರಿಸುತ್ತಾರೆ. ಪ್ರತಿ ಭಾಷಣವೂ ರೆಕಾರ್ಡ್ ಆಗುತ್ತದೆ, ಪೆನ್‌ಡ್ರೈವ್ ಸೇರುತ್ತದೆ, ಕಾರಿನ ಸ್ಟೀರಿಯೋಗೆ ಚುಚ್ಚಿಸಿಕೊಳ್ಳುತ್ತದೆ. ಒಟ್ಟು ನಲವತ್ತು. ಕಾರು ಗೇಟು ದಾಟಿತೋ ಇಲ್ಲವೋ, ‘ಸ್ನೇಹಿತರೇ!’ ಡ್ರೈವರ್ ಸೀಟಿನ ಅಪ್ಪ ಸ್ಟೀರಿಯೋದೊಳಗಿನ ಅಪ್ಪನಿಗೆ ತಲೆದೂಗುತ್ತಾರೆ. ಒಮ್ಮೊಮ್ಮೆ, ಬೇರೆ ಯಾರೋ ಹೇಳಿದ್ದನ್ನು ಕೇಳಿದವರ ಹಾಗೆ, ‘ಭಲೇ’ ಎನ್ನುವುದೂ ಉಂಟು.

“ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಸ್ನೇಹಿತರೇ, ಬಂಗಾರ ಬೀರುವಿನಲ್ಲಿ ಕೂತಿರತ್ತೆ. ಊರೆಲ್ಲ ಓಡಾಡೋದು ಬೆಳ್ಳಿನೇ!” (ಚಪ್ಪಾಳೆ. ರೆಕಾರ್ಡಾದದ್ದು.)

ಇಂಥವರ ಮಗಳು ಅಂಗಡಿಯಲ್ಲಿ ‘ಬಿಲ್ ಕೊಡಿ’ ಎನ್ನಲು ಮೂರು ಸಲ ಎಂಜಲು ನುಂಗುತ್ತಾಳೆ. ಡಿಗ್ರಿ ಮುಗಿದು ಎರಡು ವರ್ಷವಾಗುತ್ತ ಬಂತು. ಸಂದರ್ಶನಗಳಲ್ಲಿ ಅವಳ ಉತ್ತರ ಸರಿಯಾಗಿಯೇ ಇರುತ್ತದೆ, ಕೇಳಿಸುವುದಿಲ್ಲ. ಅಪ್ಪ ಇಟ್ಟ ಅಡ್ಡಹೆಸರು ಮ್ಯೂಟು.

“ಏನಮ್ಮಾ ಮ್ಯೂಟೂ, ಊಟ ಆಯ್ತಾ? ಹೊಟ್ಟೆಯಿಂದ ಹೇಳು, ಗಂಟಲಿಂದ ಅಲ್ಲ. ಕೊನೇ ಸಾಲಿನವರಿಗೆ ಕೇಳಿಸ್ಬೇಕು.”

ಮೂರು ಜನರ ಊಟದ ಮೇಜಿಗೆ ಕೊನೆಯ ಸಾಲು ಎಲ್ಲಿಂದ ಬಂತು ಎಂದು ಅವಳು ಡೈರಿಯಲ್ಲಿ ಕೇಳಿದ್ದಾಳೆ. ಡೈರಿ ಉತ್ತರಿಸಿಲ್ಲ.

(ಇಲ್ಲಿ ಅವಳು ಬರೆಯುವವಳ ಕೈ ತಡೆದಳು. “ನನ್ನನ್ನ ಇಷ್ಟು ಪೆದ್ದಿ ಥರ ತೋರಿಸ್ಬೇಡ.” “ಪೆದ್ದಿ ಅಂತ ಎಲ್ಲಿ ಬರ್ದೆ? ನಾಚಿಕೆ ಅಂತ ತಾನೆ ಬರ್ದಿದ್ದು?” “ಎರಡಕ್ಕೂ ಜನ ಒಂದೇ ಥರ ನಗ್ತಾರೆ.” ಈ ಕೊನೆಯ ಮಾತನ್ನು ಬರೆಯುವವಳು ಹೊಡೆದುಹಾಕಿದ್ದಳು. ಆಮೇಲೆ ಮತ್ತೆ ಸೇರಿಸಿದ್ದಾಳೆ.)

೪

(ಮೂರು ಎಲ್ಲಿ ಎಂದು ಹುಡುಕಬೇಡಿ. ಮೂರರಲ್ಲಿ ಅವಳಿಗೊಬ್ಬ ಪ್ರೇಮಿಯಿದ್ದ, ಸ್ಪೀಕರ್ ಅಂಗಡಿಯವನು. ಉದ್ದುದ್ದ ಕೂದಲು ಬೇರೆ. ಹರಿದುಹಾಕಲಾಗಿದೆ.)

ರಗಳೆ ಶುರುವಾದದ್ದು ಕನ್ನಡಿಯಿಂದ. ಕಾರು ಓಡಿಸುವಾಗ ಅಪ್ಪ ಕನ್ನಡಿಯಲ್ಲಿ ಹಿಂದಿನ ವಾಹನಕ್ಕಿಂತ ಹಿಂದಿನ ಸೀಟನ್ನು ಹೆಚ್ಚು ನೋಡುತ್ತಾರೆ. ಸ್ಟೀರಿಯೋದೊಳಗೆ ಇನ್ನೂರು ಜನ ಹೋ ಎಂದು ನಕ್ಕಾಗಲೂ ಮಗಳ ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ.

“ಹಿಂದಕ್ಕೆ ನನ್ನ ವಾಯ್ಸ್ ತಲುಪ್ತಾನೇ ಇಲ್ಲ ಕಣೇ,” ಅಂದರು, ಪಕ್ಕದಲ್ಲಿದ್ದ ಅಮ್ಮನಿಗೆ.

“ಮುಂದಕ್ಕೆ ತಲುಪ್ತಾ ಇದೆಯಲ್ಲ, ಸಾಲ್ದಾ?”

“ಕೊನೇ ಸಾಲಿಗೆ ತಲುಪದ ಮಾತು ಮಾತೇ ಅಲ್ಲ.”

“ಹಾಗಾದ್ರೆ ನಾನೇ ಹಿಂದೆ ಕೂತ್ಕೋತೀನಿ ಬಿಡಿ. ಅವಳು ಮುಂದೆ ಬರ್ಲಿ. ಇಲ್ಲಿ ಏಸಿ ಗಾಳಿ ಮುಖಕ್ಕೇ ಹೊಡ್ಯತ್ತೆ.”

(ಅಮ್ಮ ಈಚೆಗೆ ಹಿಂದಿನ ಸೀಟಿಗೆ ಹೋಗಲು ನೆಪ ಹುಡುಕುತ್ತಿದ್ದಾರೆ. ಒಮ್ಮೆ ಏಸಿ, ಒಮ್ಮೆ ಬಿಸಿಲು, ಒಮ್ಮೆ ಮೊಣಕಾಲು. ಯಾಕಿರಬಹುದು?)

ಪರಿಹಾರ ಅಪ್ಪನೇ ಕಂಡುಹಿಡಿದರು. ಹಿಂದಿನ ಬಾಗಿಲುಗಳಿಗೆ ಹೊಸ ಸ್ಪೀಕರು, ಸೀಟಿನ ಕೆಳಗೆ ಆಂಪ್ಲಿಫೈಯರು, ಡಿಕ್ಕಿಯಲ್ಲಿ ದೊಡ್ಡ ಬೇಸ್ ಡಬ್ಬ. “ನನ್ನ ವಾಯ್ಸಲ್ಲಿ ಬೇಸ್ ಇದೆ, ಅದು ಹೊರಗೆ ಬರ್ತಿಲ್ಲ.” ಆದರೆ ಕಂಪನಿಯವರು ಕೊಟ್ಟ ಸ್ಟೀರಿಯೋ ಮಾತ್ರ ಇದ್ದ ಹಾಗೇ ಇರಬೇಕು. ಕಾರು ಕೊಂಡು ನಾಲ್ಕು ವರ್ಷವಾದರೂ ಅದರ ಪರದೆಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅವರು ಕಿತ್ತಿಲ್ಲ. ಅಂಚಿನಲ್ಲಿ ಗುಳ್ಳೆ ಎದ್ದಿದೆ. “ಕಂಪನಿಯವರು ಯೋಚ್ನೆ ಮಾಡೇ ಕೊಟ್ಟಿರ್ತಾರೆ. ನಾವು ಯಾರು ಮುಟ್ಟೋಕೆ?”

೫

ಈಗ ಸ್ವಲ್ಪ ತಂತಿಯ ವಿಷಯ. ಬೇಸರವಾದರೆ ಹಾರಿಸಬಹುದು, ಆಮೇಲೆ ಬಂದು ಅರ್ಥವಾಗಲಿಲ್ಲ ಎನ್ನಕೂಡದು.

ಸ್ಟೀರಿಯೋ ಬದಲಿಸದೆ ಸದ್ದು ಹೆಚ್ಚಿಸಬೇಕಾದರೆ, ಅದರಿಂದ ಹಿಂದಿನ ಸ್ಪೀಕರಿಗೆ ಹೋಗುವ ತಂತಿಯನ್ನು ಕತ್ತರಿಸಿ ಆಂಪ್ಲಿಫೈಯರಿಗೆ ಕೊಡುತ್ತಾರೆ. ಆಂಪ್ಲಿಫೈಯರು ಆ ಸಣ್ಣ ಸದ್ದನ್ನು ದೊಡ್ಡದು ಮಾಡಿ ಹೊಸ ಸ್ಪೀಕರಿಗೆ ಕಳಿಸುತ್ತದೆ. ಅದಕ್ಕೆ ಸ್ವಂತ ಅಭಿಪ್ರಾಯವಿಲ್ಲ. ಪಿಸುಮಾತು ಕೊಟ್ಟರೆ ಗುಡುಗು ಮಾಡುತ್ತದೆ. ಏನೂ ಕೊಡದಿದ್ದರೆ ದೀಪ ಹಚ್ಚಿಕೊಂಡು ಸುಮ್ಮನೆ ಕೂತಿರುತ್ತದೆ. (ಈ ವಾಕ್ಯ ನೆನಪಿರಲಿ. ಜಾಣ ಲೇಖಕಿಯಾಗಿದ್ದರೆ ಇದನ್ನು ಬಚ್ಚಿಡುತ್ತಿದ್ದಳು.)

ಇನ್ನು ಅವಳು ಮಾಡಿದ್ದು. ಒಂದೂವರೆ ವರ್ಷದ ಹಿಂದೆ ಅಪ್ಪ ಅಮ್ಮ ಔಷಧಿ ಅಂಗಡಿಯ ಮುಂದೆ ಇಳಿದು ಹೋದಾಗ, ಅವಳು ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಸ್ಟೀರಿಯೋದ ಒಂದು ಬಟನ್ನನ್ನು ಒತ್ತಿ ಹಿಡಿದಳು. ಪರದೆಯ ಮೇಲೆ ಪುಟ್ಟ ಕಾರಿನ ಚಿತ್ರ ಬಂತು, ನಟ್ಟನಡುವೆ ಒಂದು ಚುಕ್ಕೆ. ಚುಕ್ಕೆಯನ್ನು ಎಲ್ಲಿಗೆ ಸರಿಸಿದರೆ ಸದ್ದು ಅಲ್ಲಿಗೆ ಹೋಗುತ್ತದೆ, ಫೇಡರ್ ಎನ್ನುತ್ತಾರೆ. ಅವಳು ಚುಕ್ಕೆಯನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ, ಮುಂದಿನ ಗಾಜಿಗೆ ತಾಗುವವರೆಗೆ ತಳ್ಳಿದಳು.

ಅವತ್ತಿನಿಂದ ಹಿಂದಿನ ಸ್ಪೀಕರುಗಳು ಉಸಿರೆತ್ತಿಲ್ಲ. ಮುಂದಿನಿಂದ ತೇಲಿಬರುವ ಅಪ್ಪನ ದನಿ ಟಯರಿನ ಸದ್ದಿನಲ್ಲಿ ಕರಗಿ, ಪಕ್ಕದ ಮನೆಯ ಮಿಕ್ಸಿಯಷ್ಟೇ ಕೇಳುತ್ತದೆ. ಮಿಕ್ಸಿಯ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ.

“ಯಾಕೆ ಮಾಡ್ದೆ?” ಬರೆಯುವವಳು ಕೇಳಿದಳು.

“ತಲೆನೋವಿತ್ತು.”

(ಸುಳ್ಳು. ಇರಲಿ.)

೬

ಶನಿವಾರ ಬೆಳಗ್ಗೆ ಹತ್ತಕ್ಕೆ ಅಪ್ಪ, ಅಮ್ಮ, ಅವಳು ಮೂವರನ್ನೂ ಕೂರಿಸಿಕೊಂಡು ಸೌಂಡ್ ಮೇಸ್ತ್ರಿಯ ಶೆಡ್ಡಿಗೆ ಹೋದ ಕಾರು ಮಧ್ಯಾಹ್ನದ ಹೊತ್ತಿಗೆ ಕಾರಿನಂತೆ ಕಾಣುತ್ತಿರಲಿಲ್ಲ. ಹಿಂದಿನ ಬಾಗಿಲುಗಳ ಒಳಹೊದಿಕೆ ಕಳಚಿಕೊಂಡು ಗೋಡೆಗೊರಗಿತ್ತು. ಸೀಟು ನೆಲದ ಮೇಲಿತ್ತು. ಅದರ ಸಂದಿಯಿಂದ ಅವಳ ಮೂರು ಪೆನ್ನು, ಒಂದು ಕಿವಿಯೋಲೆ ಸಿಕ್ಕವು. ಮೇಸ್ತ್ರಿ ಅವನ್ನು ಬಟ್ಟೆಯಲ್ಲಿ ಒರೆಸಿ ಅವಳ ಕೈಗಿತ್ತರು.

“ತಗೊಳಮ್ಮ. ಬರೀತೀಯಾ?”

ಅವಳು ತಲೆಯಾಡಿಸಿದಳು.

“ಒಳ್ಳೇದು,” ಅಂದರು. ಅಷ್ಟೇ. ಹೊಟ್ಟೆಯಿಂದ ಹೇಳು ಎನ್ನಲಿಲ್ಲ.

ಐವತ್ತರ ಆಸುಪಾಸಿನ ಆ ಮನುಷ್ಯ ಕೆಲಸದ ಹೊತ್ತಿನಲ್ಲಿ ಮಾತಾಡುವವರಲ್ಲ. ಕತ್ತು ಓರೆ ಮಾಡಿ ಕೇಳುವವರು. ಎಲ್ಲ ಜೋಡಿಸಿ ಸ್ಟೀರಿಯೋ ಹಚ್ಚಿದರು. ಮುಂದಿನ ಸ್ಪೀಕರಿನಲ್ಲಿ ‘ಸ್ನೇಹಿತರೇ!’ ಎಂದಿತು. ಹಿಂದೆ ಸದ್ದಿಲ್ಲ. ಆಂಪ್ಲಿಫೈಯರಿನ ನೀಲಿ ದೀಪ ಮಾತ್ರ ಪಿಳಿಪಿಳಿ ನೋಡುತ್ತಿತ್ತು.

“ಫೇಡರ್ ಒಂದ್ಸಲ ನೋಡ್ಲಾ ಸಾರ್?” ಮೇಸ್ತ್ರಿಯ ಬೆರಳು ಬಟನ್ನಿನ ಹತ್ತಿರ ಹೋಗಿತ್ತು.

“ಮುಟ್ಟಬೇಡಿ ಅಂತ ಬೆಳಗ್ಗೇನೇ ಹೇಳಿದ್ನಲ್ಲ! ಅದು ಕಂಪನಿ ಸೆಟ್ಟಿಂಗು. ನಾಲ್ಕು ವರ್ಷದಿಂದ ಒಂದು ನರಪಿಳ್ಳೆ ಮುಟ್ಟಿಲ್ಲ.”

ನರಪಿಳ್ಳೆ ಸ್ಟೂಲಿನ ಮೇಲೆ ಕೂತು ತನ್ನ ಉಗುರು ನೋಡಿಕೊಂಡಿತು.

ಮೇಸ್ತ್ರಿ ತಮ್ಮ ಫೋನನ್ನೇ ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಯಾವುದೋ ಕೊಳಲು ಶೆಡ್ಡನ್ನೆಲ್ಲ ತುಂಬಿತು. ಫೋನು ತೆಗೆದು ಮತ್ತೆ ಸ್ಟೀರಿಯೋದ ತಂತಿ ಕೊಟ್ಟರು. ಮೌನ. ಮೂರು ಸಲ ಬಿಚ್ಚಿದರು, ಮೂರು ಸಲ ಕಟ್ಟಿದರು.

“ಹೊಸ ಸಾಮಾನೆಲ್ಲ ಚೆನ್ನಾಗಿದೆ ಸಾರ್. ಸ್ಟೀರಿಯೋದಿಂದ ಹಿಂದಕ್ಕೆ ಸಿಗ್ನಲ್ಲೇ ಬರ್ತಿಲ್ಲ. ಮುಂಚೆ ಬರ್ತಿತ್ತಾ?”

“ಬರ್ದೇ ಏನು? ಕಮ್ಮಿ ಬರ್ತಿತ್ತು, ಅದಕ್ಕೇ ತಾನೆ ನಿಮ್ಮ ಹತ್ರ ಬಂದಿದ್ದು. ನೀವು ವೈರ್ ಕತ್ತರಿಸಿದ್ರಿ, ಪೂರ್ತಿ ಹೋಯ್ತು.”

ಮೇಸ್ತ್ರಿ ಕೈ ಒರೆಸಿಕೊಂಡರು. ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಂಡರು. “ಹದಿನೆಂಟು ವರ್ಷದಲ್ಲಿ ಹೀಗಾಗಿಲ್ಲ ಸಾರ್. ಆದ್ರೂ... ನನ್ನ ಕೈಯಿಂದಾನೇ ಹೋಗಿರ್ಬೇಕು ಬಿಡಿ.”

“ಭಲೇ!” ಎಂದರು ಅಪ್ಪ. ಜೇಬಿನಿಂದ ಫೋನು ಹೊರಬಂತು, ಕ್ಯಾಮೆರಾ ಮೇಸ್ತ್ರಿಯ ಕಡೆಗೆ ತಿರುಗಿತು. “ನಲವತ್ತೊಂದನೇದು ಸಿಕ್ತು ನೋಡು. ಸ್ನೇಹಿತರೇ! ಹದಿನೆಂಟು ವರ್ಷ ಅನುಭವ ಇರೋ ಮಹಾನುಭಾವರ ಅಂಗಡೀಲಿ ನಿಂತಿದ್ದೀನಿ. ಸೌಂಡ್ ಜಾಸ್ತಿ ಮಾಡಿ ಅಂದೆ. ಇದ್ದಿದ್ದನ್ನೂ ತೆಗೆದುಬಿಟ್ರು!”

ಎಂದು ನಗುವಿಗೆ ಜಾಗ ಬಿಟ್ಟರು. ಮುಂದೆಂದೋ ಸಭಾಂಗಣದಲ್ಲಿ ಇನ್ನೂರು ಜನ ನಗಬೇಕಾದ ಜಾಗ. ಆ ಜಾಗದಲ್ಲಿ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು ನಿಂತು, ಏನು ಮಾಡಬೇಕೋ ತೋಚದೆ, ತಾವೂ ಸ್ವಲ್ಪ ನಕ್ಕರು.

ಮುಕ್ತಾಯಗಳು (ಬೇಕಾದದ್ದನ್ನು ಆರಿಸಿಕೊಳ್ಳಿ)

ಅ. ಎಲ್ಲರೂ ಚಹಾ ಕುಡಿಯ ಹೋದಾಗ ಅವಳು ಕಾರಿನೊಳಗೆ ನುಸುಳಿ ಚುಕ್ಕೆಯನ್ನು ನಡುವಿಗೆ ತರುತ್ತಾಳೆ. ಬೇಸ್ ಡಬ್ಬ ಗುಡುಗುತ್ತದೆ, ಅಪ್ಪ ಮೇಸ್ತ್ರಿಯನ್ನು ತಬ್ಬಿಕೊಳ್ಳುತ್ತಾರೆ. ಹಾವು ಸತ್ತಿತು, ಕೋಲು ಮುರಿಯಲಿಲ್ಲ. ಅವಳಿಗೆ ಇದೇ ಇಷ್ಟ, ಇದರಲ್ಲಿ ಅವಳಿಗೆ ಮಾತಿಲ್ಲವಲ್ಲ! ಆದರೆ ಬರೆಯುವವಳು ಆಗಲೇ ಚಹಾವನ್ನು ಶೆಡ್ಡಿಗೇ ತರಿಸಿಬಿಟ್ಟಿದ್ದಾಳೆ. ಯಾರೂ ಎಲ್ಲಿಗೂ ಹೋಗುವುದಿಲ್ಲ.

ಆ. ಅಪ್ಪ ಅತ್ತ ತಿರುಗಿದಾಗ ಮೇಸ್ತ್ರಿಯೇ ಕದ್ದು ಬಟನ್ ಒತ್ತುತ್ತಾರೆ. “ನಾನು ಒತ್ತಲ್ಲಮ್ಮ,” ಎಂದರು ಮೇಸ್ತ್ರಿ, ಕಥೆಯಿಂದ ತಲೆಯೆತ್ತಿ. “ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಿ.” ಮಾತು ಕಲಿಸುವವರ ಕಥೆಯಲ್ಲಿ ಮಾತು ಉಳಿಸಿಕೊಳ್ಳುವವರು ಎಲ್ಲಿಂದ ಬಂದರೋ ಬರೆಯುವವಳಿಗೂ ತಿಳಿಯದು.

ಇ. ಅಮ್ಮ ಹೇಳಿಬಿಡುತ್ತಾರೆ. ಅಮ್ಮನಿಗೆ ಗೊತ್ತು, ಯಾವಾಗಿನಿಂದಲೋ ಗೊತ್ತು. ಸ್ಟೂಲಿನ ಪಕ್ಕಕ್ಕೆ ಬಂದು ಅವಳ ಕಿವಿಯಲ್ಲಿ ಹೇಳಿದರು: “ನಿಂಗೆ ಹುಷಾರಿಲ್ದಾಗ ಒಂದ್ಸಲ ಹಿಂದೆ ಕೂತಿದ್ನಲ್ಲ, ಆವತ್ತೇ ಗೊತ್ತಾಯ್ತು ಕಣೇ. ಎಷ್ಟು ಹಾಯಾಗಿತ್ತು ಗೊತ್ತಾ! ನಾನು ಮಾತ್ರ ಬಾಯಿ ಬಿಡಲ್ಲಪ್ಪ. ಮುಂದೆ ಒಂದಿನ ಆ ಸೀಟು ನಂಗೂ ಬೇಕು.”

ಮೂರೂ ಮುಗಿದವು. ಇನ್ನು ಉಳಿದವಳು ಒಬ್ಬಳೇ.

೭

ತಲೆನೋವಲ್ಲ. ಹದಿನೇಳನೆಯ ಭಾಷಣ, ಹನ್ನೆರಡನೆಯ ನಿಮಿಷ:

“ನಮ್ಮನೇಲೇ ಒಂದು ಮ್ಯೂಟ್ ಪೀಸ್ ಇದೆ ಸ್ನೇಹಿತರೇ! ಡಿಗ್ರಿ ಇದೆ, ಧ್ವನಿ ಇಲ್ಲ. ಮನೆಗೆ ಕಳ್ಳ ಬಂದ್ರೆ ‘ಇವತ್ತು ಕಳ್ಳ ಬಂದಿದ್ದ’ ಅಂತ ಡೈರೀಲಿ ಬರೀತಾಳೆ!”

ಇನ್ನೂರು ಜನ. ಹತ್ತೊಂಬತ್ತು ಸೆಕೆಂಡು. ಅವಳು ಎಣಿಸಿದ್ದಾಳೆ. ಕಾರಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಅಪ್ಪ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದರು, ಜೋಕು ಹೇಗಿದೆ ಎನ್ನುವ ಹಾಗೆ. ಅವಳೂ ಸ್ವಲ್ಪ ನಕ್ಕಿದ್ದಳು. ಆ ನಗು ಮುಖದ ಮೇಲೆ ಹೇಗಿರುತ್ತದೆ ಎಂದು ಅವಳು ಕಣ್ಣಾರೆ ಕಂಡದ್ದು ಈಗ, ಮೇಸ್ತ್ರಿಯ ಮುಖದಲ್ಲಿ.

(ಬರೆಯುವವಳೂ ಅವಳೂ ಬರೆಯುವುದು ಒಂದೇ ಪೆನ್ನಿನಲ್ಲಿ. ನೀವು ಆಗಲೇ ಊಹಿಸಿದ್ದೀರಿ; ಬಹುಮಾನವಿಲ್ಲ. ‘ಅವಳು’ ಎಂದು ಬರೆದರೆ ಹಿಂದಿನ ಸೀಟಿನಲ್ಲಿ ಕೂತ ಹಾಗೆ. ಹಾಯಾಗಿರುತ್ತದೆ.)

“ಅಪ್ಪ,” ಅಂದಳು.

ಅಪ್ಪ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. “ಕೇಳಿಸ್ತಿಲ್ಲ. ಹೊಟ್ಟೆಯಿಂದ.”

ಈ ಕಥೆಗೆ ಮುಕ್ತಾಯ ಕೊಡುವುದಿಲ್ಲ. ಯಾಕೆಂದರೆ ಅವಳ ಬಾಯಿ ಮುಚ್ಚಿದ ಮರುಕ್ಷಣ ಅಪ್ಪನ ಬಾಯಿ ತೆರೆಯುತ್ತದೆ. ಬೈದಾರು, ಅತ್ತಾರು, ಅಲ್ಲೇ ನಲವತ್ತೆರಡನೆಯದನ್ನು ಶುರು ಮಾಡಿಯಾರು. ಏನೇ ಆಗಲಿ, ಆ ಸಾಲು ಅವರದು, ಅದರ ಮುಂದಿನದೂ ಅವರದು. ನೋಡುನೋಡುತ್ತ ಕಥೆಯೇ ಅವರ ಪಾಲಾಗುತ್ತದೆ. ಅಷ್ಟು ಜಾಗ ಇಲ್ಲಿಲ್ಲ. ಚುಕ್ಕೆ ನಡುವಿಗೆ ಬಂತೇ, ಅಮ್ಮನಿಗೆ ಸೀಟು ಸಿಕ್ಕಿತೇ ಎಂದೆಲ್ಲ ಕೇಳಬೇಡಿ.

ಅವಳು ಸ್ಟೂಲಿನಿಂದ ಎದ್ದಳು. ಮೂರು ಪೆನ್ನುಗಳನ್ನು ಮುಷ್ಟಿಯಲ್ಲಿ ಹಿಡಿದು, ಅಪ್ಪ ಕಲಿಸಿದ ಹಾಗೆಯೇ ಹೊಟ್ಟೆಯವರೆಗೆ ಉಸಿರು ತುಂಬಿಕೊಂಡು, ಶೆಡ್ಡಿನ ಕೊನೆಯ ಗೋಡೆಗೂ ಕೇಳಿಸುವಂತೆ ಹೇಳಿದಳು:

“ಹಿಂದಿನ ಸೌಂಡ್ ಆಫ್ ಮಾಡಿದ್ದು ನಾನು, ಅಪ್ಪ. ಹದಿನೇಳನೇ ಭಾಷಣದಲ್ಲಿ ನೀವು ನನ್ನನ್ನ ಆಡ್ಕೊಂಡು ಅವರನ್ನೆಲ್ಲ ನಗಿಸ್ತೀರಲ್ಲ, ಅದನ್ನ ನನಗೆ ಕೇಳೋಕಾಗಲ್ಲ.”